ಭಾವಮೈದನ ಒಲೆ

ನಾರ್ವೆಗೆ ಹೋಗಿ ಬಂದ ಮೇಲೆ ಯಲಹಂಕದ ಪಕ್ಕದ ನಮ್ಮ ಕೋಗಿಲಿನಲ್ಲಿ ಎದುರು ಸಿಕ್ಕವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ. ಚಳಿ ಹೇಗಿತ್ತು? ಊಟಕ್ಕೆ ಏನು ಮಾಡಿದಿರಿ? ಚಳಿ ಬೇಕಾದಷ್ಟಿತ್ತು. ಊಟಕ್ಕೆ ಮುದ್ದೆ, ಸಾರು ಎರಡೂ ಆಯಿತು, ಏಕೆಂದರೆ ರಾಗಿಹಿಟ್ಟನ್ನು ಇಲ್ಲಿಂದಲೇ ಹೊತ್ತಿದ್ದೆವು. ಅಲ್ಲಿಗೆ ಕೇಳಿದವರ ಕುತೂಹಲ ಮುಗಿಯುತ್ತದೆ. ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿಯನ್ನು ಈತನಕ ಯಾರೂ ಕೇಳಲಿಲ್ಲವಾದ್ದರಿಂದ ಬರೆದೇ ತಿಳಿಸಬೇಕಾಗಿದೆ. ಆ ದೇಶದಲ್ಲಿ ನಾನಿದ್ದ ದಿನಗಳ ಬಹುಪಾಲನ್ನು ಒಂದು ಒಲೆಯನ್ನು ನೋಡಿ ಹೊಟ್ಟೆಕಿಚ್ಚು ಪಡುವುದರಲ್ಲಿ ಕಳೆದೆ.

ನಗಬೇಡಿ. ಮನುಷ್ಯರನ್ನು ಕಂಡು ಕರುಬುವುದು ಯಾರಿಗಾದರೂ ಬರುತ್ತದೆ. ಸೊಂಟದೆತ್ತರದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಕಂಡು ಕರುಬಬೇಕಾದರೆ ಅದಕ್ಕೆ ಅರ್ಹತೆ ಬೇಕು, ಹಿನ್ನೆಲೆಯೂ ಬೇಕು. ನನಗೆ ಎರಡೂ ಇದ್ದವು.

ಅರ್ಹತೆ ಇದು: ನಮ್ಮ ಮನೆಯ ಬಚ್ಚಲ ಹಂಡೆಗೆ ನಲವತ್ತು ವರ್ಷದಿಂದ ಬೆಂಕಿ ಹಾಕುತ್ತಿರುವವನು ನಾನು. ಸರ್ಕಾರಿ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತನಾದೆ, ಹಂಡೆಯಿಂದ ಆಗಲಿಲ್ಲ. ಕೆಳಗೆ ತೆಂಗಿನ ಗರಿ, ಅದರ ಮೇಲೆ ನಾಲ್ಕು ಚಿಪ್ಪು, ಅದರ ಮೇಲೆ ಸರ್ವೆ ಸೌದೆ, ಆಮೇಲೆ ಊದುಗೊಳವೆಯಲ್ಲಿ ಮೂರು ಊದು. ನಾಲ್ಕನೆಯ ಊದು ಬೇಕಾದ ದಿನ ನನಗೆ ಮೈಯಲ್ಲಿ ಹುಷಾರಿಲ್ಲ ಎಂದೇ ಅರ್ಥ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಏಳನೆಯ ಮಹಡಿಯವರು ತಮ್ಮ ಮನೆಗೆ ಹೊಗೆ ಬರುತ್ತಿದೆಯೆಂದು ವಾಚ್‌ಮನ್ ಕೈಲಿ ಹೇಳಿಕಳಿಸಿದರು. ಹೊಗೆ ಮೊದಲಿಂದಲೂ ಹೋಗುತ್ತಿದ್ದ ದಾರಿಯಲ್ಲಿ ನೀವು ಬಂದು ಮನೆ ಮಾಡಿದ್ದೀರಿ ಎಂದು ನಾನೂ ಅದೇ ವಾಚ್‌ಮನ್ ಕೈಲಿ ಹೇಳಿಕಳಿಸಿದೆ.

ಹಿನ್ನೆಲೆ ಎಂದರೆ ನಾಗರಾಜ. ನನ್ನ ಹೆಂಡತಿ ಜಯಮ್ಮನ ತಮ್ಮ, ಬಾಗಲೂರಿನವನು. ಯಲಹಂಕದಲ್ಲಿ ಟ್ರ್ಯಾಕ್ಟರ್ ರಿಪೇರಿ ಕಲಿಯುವಾಗ ಒಂದು ವರ್ಷ ನಮ್ಮಲ್ಲಿದ್ದ. ಒಂದು ಬೆಳಿಗ್ಗೆ ನಾನು ಊರಲ್ಲಿಲ್ಲದಾಗ ಹಂಡೆ ಹಚ್ಚಲು ಹೋಗಿ, ಒಂದು ಪೂರ್ತಿ ಬೆಂಕಿಪೊಟ್ಟಣ ಗೀಚಿ, ಕೊನೆಗೆ ತಣ್ಣೀರು ಸುರಿದುಕೊಂಡು ಗ್ಯಾರೇಜಿಗೆ ಹೋದ. ಈ ಕಥೆಯನ್ನು ನಾನು ನಾಮಕರಣ, ಗೃಹಪ್ರವೇಶ, ಬೀಗರ ಊಟ ಎಲ್ಲ ಕಡೆ ಹೇಳಿದ್ದೇನೆ. ಒಂದು ತಿಥಿಯಲ್ಲೂ ಹೇಳಿದ್ದೇನೆ. ಮುಂದೆ ಅವನು ನರ್ಸ್ ಆಗಿದ್ದ ಹೇಮಾಳನ್ನು ಮದುವೆಯಾದ. ಅವಳಿಗೆ ನಾರ್ವೆಯ ಒಂದು ಹಳ್ಳಿಯ ಕಡೆ ಕೆಲಸ ಸಿಕ್ಕಿತು. ಇವನೂ ಹಿಂದೆಯೇ ಹೋಗಿ ಅಲ್ಲಿನ ರೈತರ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುತ್ತ ಎಂಟು ವರ್ಷವಾಯಿತು. ಈ ಜನವರಿಯಲ್ಲಿ, "ಬಂದು ಇದ್ದು ಹೋಗಿ ಭಾವ, ಹಿಮ ನೋಡಿ" ಎಂದು ಕರೆದ. ಹೋದೆವು.

ಮೊದಲ ದಿನ: ಸ್ಟೇಷನ್ನಿನಿಂದ ಮನೆಗೆ

ಓಸ್ಲೋದಿಂದ ರೈಲಿನಲ್ಲಿ ಉತ್ತರಕ್ಕೆ ನಾಲ್ಕು ಗಂಟೆ. ನಂತರ ಕಾರಿನಲ್ಲಿ ಸ್ವಲ್ಪ ದೂರ. ಎರಡು ಬೆಟ್ಟಗಳ ನಡುವೆ ಹಳ್ಳಿ, ಹಳ್ಳಿಯ ಮೇಲೆ ಹಿಮ. ತಿರುವಿನಲ್ಲಿ ನಾಗರಾಜ ಕಾರು ನಿಧಾನ ಮಾಡಿ, ಕೆಂಪು ಬಣ್ಣದ ಮರದ ಮನೆಯೊಂದನ್ನು ತೋರಿಸಿ ಅದೇ ತಮ್ಮದು ಎಂದ. ನಾನು ನೋಡಿದ್ದು ಮನೆಯನ್ನಲ್ಲ, ಚಿಮಣಿಯನ್ನು.

"ಏನೋ ನಾಗ, ಒಲೆ ಆರೋಗಿದೆಯಲ್ಲೋ."

"ಇಲ್ಲ ಭಾವ, ಚೆನ್ನಾಗಿ ಉರೀತಾ ಇದೆ."

"ಮತ್ತೆ ಹೊಗೆ ಎಲ್ಲಿ?"

"ಹೊಗೇನೂ ಒಳಗೇ ಉರ್ದೋಗುತ್ತೆ ಭಾವ."

ಇದನ್ನು ನಾನು ಬುರುಡೆಯೆಂದು ತಿಳಿದೆ. ನಮ್ಮ ಕಡೆ ಬೆಳಿಗ್ಗೆ ಬಚ್ಚಲ ಮನೆಯಿಂದ ಹೊಗೆ ಏಳದಿದ್ದರೆ ಪಕ್ಕದವರು ಬಂದು, "ಯಾಕಣ್ಣ, ಮನೇಲಿ ಎಲ್ಲಾ ಹುಷಾರಾಗಿದಾರಾ?" ಎಂದು ವಿಚಾರಿಸುತ್ತಾರೆ. ಹೊಗೆ ಎಂದರೆ ಮನೆಯಲ್ಲಿ ಜೀವ ಇದೆ ಎಂಬುದರ ರುಜುವಾತು. ಇಲ್ಲಿ ತದ್ವಿರುದ್ಧ, ಹೊಗೆ ಕಂಡರೆ ಪಕ್ಕದವರು ವಿಚಾರಿಸಲು ಬರುತ್ತಾರೆ ಎಂದು ನಾಗರಾಜ ಹೇಳಿದ. ನಾನು ಕಿಟಕಿಯಾಚೆ ನೋಡಿದೆ. ಪ್ರಯಾಣದ ಸುಸ್ತಿನಲ್ಲಿರುವವನ ಜೊತೆ ವಾದ ಮಾಡುವುದು ಅವನಿಗೆ ಶೋಭಿಸುವುದಿಲ್ಲ ಎಂದು ಮುಖದಲ್ಲೇ ತಿಳಿಸಿದೆ.

ಒಳಗೆ ಕಾಲಿಟ್ಟರೆ ಮನೆಯೆಲ್ಲ ಎಳೆ ಬಿಸಿಲಿನಂತೆ ಬೆಚ್ಚಗಿತ್ತು. ಹಜಾರದ ಮೂಲೆಯಲ್ಲಿ ಆ ಕಬ್ಬಿಣದ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲು, ಬಾಗಿಲ ಹಿಂದೆ ಉರಿ. ಗಾಜು ಕನ್ನಡಕದಷ್ಟು ಶುಭ್ರವಾಗಿತ್ತು. ಒಳಗೆ ಇದ್ದದ್ದು ಎರಡೇ ಎರಡು ಸೌದೆ ಸೀಳು. ನಮ್ಮ ಹಂಡೆಗೆ ಅಷ್ಟಕ್ಕೆ ಎಚ್ಚರವೂ ಆಗುವುದಿಲ್ಲ.

ಜಯಮ್ಮನಿಗೆ ಮಂಡಿನೋವು. ವಿಮಾನದಲ್ಲಿ ಕೂತು ಕೂತು ಅದು ಇನ್ನೂ ಹೆಚ್ಚಾಗಿತ್ತು. ಅವಳು ನೇರ ಹೋಗಿ ಒಲೆಯ ಮುಂದೆ ಒಂದು ಕುಳ್ಳ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. ಆಮೇಲೆ, "ಕಣ್ಣಲ್ಲಿ ನೀರೇ ಬರಲ್ವಲ್ಲೋ ನಾಗ!" ಎಂದಳು.

ಆ ಕ್ಷಣ ನನ್ನೊಳಗೆ ಏನೋ ಹೊತ್ತಿಕೊಂಡಿತು, ಊದದೆಯೇ. ನಲವತ್ತು ವರ್ಷದಲ್ಲಿ ಅವಳು ನನ್ನ ಒಲೆಯ ಮುಂದೆ ಒಮ್ಮೆಯೂ ಹೀಗೆ ಕೂತವಳಲ್ಲ. ಬರುತ್ತಾಳೆ, ಬಿಸಿನೀರು ತೋಡಿಕೊಳ್ಳುತ್ತಾಳೆ, ಕೆಮ್ಮುತ್ತಾಳೆ, ಹೋಗುತ್ತಾಳೆ. ತಣ್ಣೀರು ಸುರಿದುಕೊಂಡು ಗ್ಯಾರೇಜಿಗೆ ಓಡಿದವನ ಒಲೆಯ ಮುಂದೆ ಈಗ ಮುಖವರಳಿಸಿ ಕೂತಿದ್ದಾಳೆ.

"ಭಾವ, ನೀವೂ ಬನ್ನಿ, ಕಾಸ್ಕೊಳ್ಳಿ," ಎಂದ ನಾಗರಾಜ.

"ನನಗೆ ಚಳಿಯಿಲ್ಲ," ಎಂದೆ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಮಾತು ಅಷ್ಟು ಸ್ಪಷ್ಟವಾಗಿ ಬರಲಿಲ್ಲ.

ಎರಡನೆಯ ದಿನ: ಸೌದೆ ಕೊಟ್ಟಿಗೆ

ಬೆಳಿಗ್ಗೆ ನಾಗರಾಜ ನನ್ನನ್ನು ಮನೆಯ ಹಿಂದಿನ ಸೌದೆ ಕೊಟ್ಟಿಗೆಗೆ ಕರೆದೊಯ್ದ. ಒಡವೆ ಅಂಗಡಿಯಲ್ಲಿ ಒಳಗಿನ ಕೋಣೆಗೆ ಕರೆದೊಯ್ಯುತ್ತಾರಲ್ಲ, ಆ ಗತ್ತು. ಕೊಟ್ಟಿಗೆಗೆ ಸೂರು ಇದೆ, ಗೋಡೆಯ ಬದಲು ಸಂದು ಬಿಟ್ಟು ಹೊಡೆದ ಪಟ್ಟಿಗಳು. ಗಾಳಿ ಆಡಬೇಕಂತೆ. ಒಳಗೆ ಭೂರ್ಜ ಮರದ ಸೀಳುಗಳನ್ನು ನೆಲದಿಂದ ಸೂರಿನವರೆಗೆ ಒಟ್ಟಿದ್ದ. ಒಂದು ಸೀಳೂ ಸಾಲು ಬಿಟ್ಟು ಹೊರಗೆ ಇಣುಕಿರಲಿಲ್ಲ. ಯಲಹಂಕದ ಡಿಪೋದಿಂದ ನಮಗೆ ಬರುವ ಸೌದೆ ಗೇಟಿನ ಮುಂದೆ ಬೀಳುತ್ತದೆ, ಬಿದ್ದ ಹಾಗೆಯೇ ಇರುತ್ತದೆ. ಮಳೆ ಬಂದರೆ ಹಳೆಯ ಫ್ಲೆಕ್ಸ್ ಬ್ಯಾನರೊಂದನ್ನು ಹೊದಿಸುತ್ತೇವೆ. ಸೌದೆಯ ಮೇಲೆ ಯಾರೋ ಮುಖಂಡರು ನಗುತ್ತ ಮಲಗಿರುತ್ತಾರೆ.

"ಚಳಿಗಾಲ ಮುಗಿಯೋ ಹೊತ್ತಿಗೇ ಸೀಳ್ಬಿಡ್ಬೇಕು ಭಾವ. ಬೇಸಿಗೆಯೆಲ್ಲಾ ಗಾಳೀಗೆ ಒಣಗ್ಬೇಕು. ಹಸಿ ಸೌದೆ ಹಾಕಿದ್ರೆ ಅರ್ಧ ಶಾಖ ನೀರು ಕುದಿಸೋಕೇ ಹೋಗುತ್ತೆ. ಮಿಕ್ಕಿದ್ದು ಹೊಗೆ."

"ಗೊತ್ತು," ಎಂದೆ. ಗೊತ್ತಿರಲಿಲ್ಲ.

ಅವನು ಎರಡು ಸೀಳು ತೆಗೆದು ಒಂದಕ್ಕೊಂದು ತಟ್ಟಿದ. ಟಣ್ ಎಂದಿತು, ಚೆನ್ನಾಗಿ ಸುಟ್ಟ ಮಡಕೆಯ ಹಾಗೆ. "ಕೇಳಿದ್ರಾ? ಹಸಿ ಇದ್ರೆ ದಬ್ ಅನ್ನುತ್ತೆ." ನಾನು ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ಆರಿಸುವವರನ್ನು ನೋಡಿದ್ದೆ, ಸೌದೆಯ ನಾಡಿ ಹಿಡಿಯುವವರನ್ನು ನೋಡಿರಲಿಲ್ಲ. ಇವನು ಇದನ್ನು ಕಲಿತದ್ದು ಯಾವಾಗ? ಕಲಿಯುವಾಗ ನನಗೊಂದು ಫೋನು ಮಾಡಬಹುದಿತ್ತಲ್ಲ?

ಬೇಲಿಯಾಚೆ ಠಪ್ ಎಂಬ ಸದ್ದಾಯಿತು. ನೋಡಿದರೆ ಒಬ್ಬ ಮುದುಕಿ, ಎತ್ತರದ ಆಳು, ಕೊಡಲಿ ಹಿಡಿದು ದಿಮ್ಮಿ ಸೀಳುತ್ತಿದ್ದಳು. ಪಕ್ಕದ ಮನೆಯ ಬೆರಿತ್. ಎಪ್ಪತ್ತು ದಾಟಿದೆ, ಒಬ್ಬಳೇ ಇರುತ್ತಾಳೆ ಎಂದು ನಾಗರಾಜ ಹೇಳಿದ. ಅವಳ ಕೊಡಲಿ ಎತ್ತಿದ್ದು ಕಾಣುತ್ತಿತ್ತು, ಇಳಿದದ್ದು ಕಾಣುತ್ತಿರಲಿಲ್ಲ, ದಿಮ್ಮಿ ಎರಡಾಗಿ ಬಿದ್ದಿರುತ್ತಿತ್ತು. "ಒಲೆ ಹಚ್ಚೋದ್ರಲ್ಲಿ ಈ ಊರಿಗೇ ಆಕೆ ಗುರು," ಎಂದ ನಾಗರಾಜ, ದನಿ ತಗ್ಗಿಸಿ, ದೇವಸ್ಥಾನದಲ್ಲಿ ಮಾತಾಡುವ ಹಾಗೆ. ನಲವತ್ತು ವರ್ಷದ ಅನುಭವಿ ಪಕ್ಕದಲ್ಲೇ ನಿಂತಿರುವಾಗ ಬೇರೆಯವರ ವಿಷಯಕ್ಕೆ ದನಿ ತಗ್ಗಿಸುತ್ತಾನೆ. ಇದನ್ನೂ ನೆನಪಿನಲ್ಲಿಟ್ಟುಕೊಂಡೆ.

ಮೂರನೆಯ ದಿನ: ಹೆಪ್ಪುಗಟ್ಟಿದ ಸರೋವರ

ಸರೋವರ ತೋರಿಸಿದರು. ಹೆಬ್ಬಾಳ ಕೆರೆಯಂಥ ಹತ್ತು ಕೆರೆ ಹಿಡಿಸುವ ನೀರು ಕಲ್ಲಾಗಿ ನಿಂತಿತ್ತು. ಅದರ ಮೇಲೆ ಜನ ನಾಯಿ ಹಿಡಿದು ವಾಕಿಂಗ್ ಮಾಡುತ್ತಿದ್ದರು. ನಾನು ದಡದ ಮನೆಗಳ ಚಿಮಣಿಗಳನ್ನು ಎಣಿಸುತ್ತ ನಡೆದು, ಹದಿನೇಳನೆಯದಕ್ಕೆ ಜಾರಿ ಕುಳಿತೆ. ಹದಿನೇಳರಲ್ಲಿ ಒಂದರಿಂದಲೂ ಹೇಳಿಕೊಳ್ಳುವಂಥ ಹೊಗೆ ಇರಲಿಲ್ಲ. ಸೊಂಟದ ನೋವಿಗಿಂತ ಅದೇ ಹೆಚ್ಚು ನೋಯಿಸಿತು.

ನಾಲ್ಕನೆಯ ದಿನ, ಬೆಳಿಗ್ಗೆ: ಅಧಿಕಾರ ಹಸ್ತಾಂತರ

ಹೇಮಾಳಿಗೆ ಪಟ್ಟಣದಲ್ಲಿ ಎರಡು ದಿನದ ತರಬೇತಿ ಬಂತು. ನಾಗರಾಜ ಕಾರಿನಲ್ಲಿ ಕರೆದೊಯ್ದು ಮರುದಿನ ಸಂಜೆ ವಾಪಸು ಕರೆತರುವುದು, ಅಲ್ಲಿಯವರೆಗೆ ಮನೆ ನಮ್ಮ ಕೈಯಲ್ಲಿ ಎಂದು ತೀರ್ಮಾನವಾಯಿತು. ಹೊರಡುವ ಮೊದಲು ಅವನು ಒಲೆಯ ಮುಂದೆ ಕೂತು ನನಗೆ ಪಾಠ ಶುರು ಮಾಡಿದ.

"ಭಾವ, ಈ ಕಬ್ಬಿಣದ ಸನ್ನೆ ಹಿಡಿ ಇದೆಯಲ್ಲ, ಇದು ಒಳಗೆ ಗಾಳಿ ಬಿಡೋದು. ಹಚ್ಚುವಾಗ ಪೂರ್ತಿ ತೆಗ್ದಿರ್ಬೇಕು. ದಪ್ಪ ಸೌದೆ ಕೆಳಗೆ, ತೆಳು ಪುರಲೆ ಕಡ್ಡಿ ಮೇಲೆ. ಬೆಂಕಿ ಮೇಲಿಂದ ಹಚ್ಬೇಕು."

"ಮೇಲಿಂದ?"

"ಹೂಂ ಭಾವ. ಮೇಲಿಂದ ಕೆಳಕ್ಕೆ ಉರ್ಕೊಂಡ್ ಬರುತ್ತೆ."

ನಾನು ಜಯಮ್ಮನ ಕಡೆ ನೋಡಿದೆ. ಬೆಂಕಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ ಎಂಬುದು ಹೆಸರಿಡುವ ಮುಂಚೆಯೇ ಮಗುವಿಗೆ ತಿಳಿದಿರುವ ವಿಷಯ. "ನಾಗ," ಎಂದೆ, "ನೀನು ಬೆಂಕಿಪೊಟ್ಟಣ ಮುಗಿಸಿದ ದಿನ ನೆನಪಿದೆಯೇನೋ?"

ಅವನು ನಕ್ಕ. ನಗುತ್ತಲೇ ಎದ್ದು, ಗೋಡೆಯ ಮೇಲಿದ್ದ ಒಂದು ಬಿಳಿಯ ಗುಂಡಿ ತೋರಿಸಿದ. "ಆಯ್ತು ಭಾವ, ನಿಮಗೆ ಹೇಳೋದೇನಿದೆ. ಕೈಲಾಗ್ಲಿಲ್ಲ ಅಂದ್ರೆ ಇದು ಕರೆಂಟ್ ಹೀಟರ್‌ದು. ಸ್ವಿಚ್ ಹಾಕ್ಕೊಂಡ್ಬಿಡಿ."

ಕೈಲಾಗಲಿಲ್ಲ ಅಂದರೆ! ಕಾರು ತಿರುವು ದಾಟುವವರೆಗೆ ನಾನು ಆ ಸ್ವಿಚ್ಚನ್ನೇ ನೋಡುತ್ತ ನಿಂತೆ. ಪ್ರಾಣ ಹೋದರೂ ಅದನ್ನು ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದೆ. ಇನ್ನೊಂದು ನಿಶ್ಚಯವನ್ನೂ ಮಾಡಿದೆ: ನಾಳೆ ಸಂಜೆ ಅವನು ಬಂದಾಗ ಜಯಮ್ಮ ಈ ಸ್ಟೂಲಿನ ಮೇಲೆ ಕೂತಿರಬೇಕು, ಕಾಲು ಚಾಚಿರಬೇಕು, ಆ ಉರಿ ನನ್ನದಾಗಿರಬೇಕು.

ನಾಲ್ಕನೆಯ ದಿನ, ಮಧ್ಯಾಹ್ನ: ಕೋಗಿಲು ಪದ್ಧತಿ

ನಾಗರಾಜ ಹಚ್ಚಿಟ್ಟು ಹೋದ ಬೆಂಕಿಯನ್ನು ಮೊದಲು ಆರಲು ಬಿಟ್ಟೆ. ಇನ್ನೊಬ್ಬರ ಉರಿಯ ಮೇಲೆ ನನ್ನ ಹೆಸರು ಬರೆದುಕೊಳ್ಳುವವನಲ್ಲ ನಾನು. ಆಮೇಲೆ ಶಾಸ್ತ್ರೋಕ್ತವಾಗಿ ಕೆಳಗೆ ಕಾಗದ, ಮೇಲೆ ಪುರಲೆ, ಅದರ ಮೇಲೆ ಆರು ಸೌದೆ ತುಂಬಿದೆ. ಸೌದೆಯನ್ನು ಕೊಟ್ಟಿಗೆಯಿಂದ ತರಲಿಲ್ಲ. ಅಲ್ಲಿನವು ತೆಳ್ಳಗಿದ್ದವು. ಬೆರಿತಳ ಬೇಲಿಯ ಪಕ್ಕ ನಾಗರಾಜ ಹೊಸದಾಗಿ ಕಡಿದು ಹಾಕಿದ್ದ ದಪ್ಪ ತುಂಡುಗಳನ್ನು ತಂದೆ. ದಪ್ಪ ಸೌದೆ ಹೆಚ್ಚು ಹೊತ್ತು ಬರುತ್ತದೆ, ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕಾಗದ ಭುಗಿಲೆಂದಿತು. ಜಯಮ್ಮ ಸ್ಟೂಲು ಎಳೆದುಕೊಂಡು ಕೂತಳು. ಉರಿ ಬಂತಲ್ಲ, ಇನ್ನು ದಂಡ ಮಾಡುವುದು ಬೇಡ, ನಿಧಾನವಾಗಿ ಉರಿಯಲಿ ಎಂದು ಗಾಳಿಯ ಸನ್ನೆಯನ್ನು ಪೂರ್ತಿ ಮುಚ್ಚಿದೆ. ನಮ್ಮಜ್ಜಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗಿನವರೆಗೆ ಉಳಿಸುತ್ತಿದ್ದಳು. ಅದೇ ನ್ಯಾಯ.

ಐದು ನಿಮಿಷಕ್ಕೆ ಗಾಜು ಕಾಫಿ ಬಣ್ಣಕ್ಕೆ ತಿರುಗಿತು. ಹತ್ತು ನಿಮಿಷಕ್ಕೆ ರೊಟ್ಟಿ ಹೆಂಚಿನ ಬಣ್ಣ. ಒಳಗೆ ಸೌದೆಗಳು ತುದಿಯಲ್ಲಿ ನೊರೆ ಕಾರುತ್ತ ಸುಯ್‌ಗುಡುತ್ತಿದ್ದವು.

"ರೀ, ಯಾಕ್ರೀ ಕಪ್ಪಾಗೋಯ್ತು?"

"ಊದಬೇಕು," ಎಂದೆ. ಊದುಗೊಳವೆ ಎಲ್ಲಿಂದ ಬರಬೇಕು? ನಾಗರಾಜನ ಸಲಕರಣೆಗಳ ನಡುವೆ ಒಂದು ತಾಮ್ರದ ಪೈಪು ಸಿಕ್ಕಿತು. ಗಾಜಿನ ಬಾಗಿಲು ತೆಗೆದೆ. ಒಳಗೆ ಅಷ್ಟು ಹೊತ್ತು ಕಾದು ಕೂತಿದ್ದ ಹೊಗೆ, ಕಂಟೋನ್‌ಮೆಂಟಿನಲ್ಲಿ ರೈಲು ನಿಂತಾಗ ಜನ ಇಳಿಯುವ ಹಾಗೆ, ಒಟ್ಟಿಗೆ ಹೊರಗೆ ಬಂತು. ನಾನು ಪೈಪು ಇಟ್ಟು ಮೊದಲನೆಯ ಊದು ಊದಿದೆ. ಬೂದಿ ನನ್ನ ಮುಖಕ್ಕೆ ಬಂತು. ಎರಡನೆಯದಕ್ಕೆ ಕಿಡಿ ಬಂತು. ಮೂರನೆಯದನ್ನು ಊದುವ ಮೊದಲೇ ಛಾವಣಿಯಲ್ಲಿದ್ದ ಒಂದು ಬಿಳಿ ಬಿಲ್ಲೆ ಕೀ ಎಂದು ಕಿರುಚತೊಡಗಿತು.

"ಅಯ್ಯೋ, ಅದೇನ್ರೀ ಬಡ್ಕೊಳ್ತಿರೋದು!"

ಅದು ಹೊಗೆ ಕಂಡರೆ ಕಿರುಚುವ ಯಂತ್ರ. ನಮ್ಮ ಬಚ್ಚಲಿಗೆ ಹಾಕಿದರೆ ಒಂದೇ ದಿನಕ್ಕೆ ಗಂಟಲು ಕಟ್ಟಿ ಸಾಯುತ್ತದೆ. ನಾನು ಕುರ್ಚಿ ಹತ್ತಿ ಟವೆಲು ಬೀಸಿದೆ. ಅದು ಇನ್ನೂ ಜೋರು ಮಾಡಿತು. ಅಷ್ಟರಲ್ಲಿ ಬಾಗಿಲು ತೆರೆದು ಬೆರಿತ್ ಒಳಗೆ ಬಂದಳು, ಮೈಮೇಲೆ ಕೋಟೂ ಇಲ್ಲ. ನಮ್ಮ ಚಿಮಣಿ ಉಗುಳುತ್ತಿದ್ದ ಹಳದಿ ಹೊಗೆಯನ್ನು ಅಂಗಳದಿಂದಲೇ ನೋಡಿ ಬಂದಿದ್ದಳು. ಒಲೆಯ ಬಾಗಿಲು ಮುಚ್ಚಿದಳು, ಸನ್ನೆ ಎಳೆದಳು, ನಾಲ್ಕೂ ಕಿಟಕಿ ತೆಗೆದಳು, ಯಂತ್ರದ ಹೊಟ್ಟೆ ಒತ್ತಿ ಬಾಯಿ ಮುಚ್ಚಿಸಿದಳು. ಕುರ್ಚಿಯ ಮೇಲೆ ಟವೆಲು ಹಿಡಿದು ನಿಂತಿದ್ದ ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಅದೆಲ್ಲ ಈಗ ಒಳಗೆ ಬಂತು. ಬೆರಿತ್ ಜಯಮ್ಮನ ಕಡೆ ನೋಡಿ, ತನ್ನ ಮನೆಯ ಕಡೆ ಕೈ ತೋರಿಸಿ, ಅವಳ ಹೆಗಲಿಗೆ ಕೋಟು ಹಾಕಿದಳು.

"ಓಗ್ತೀನಿ ಕಣ್ರೀ," ಎಂದಳು ಜಯಮ್ಮ. "ನನ್ ಮಂಡಿ ನೋವು ತಡ್ಕೊಳ್ಳಕ್ಕಾಗ್ತಿಲ್ಲ. ಇಂಗೆ ಒಗೇಲಿ ಎಂಗ್ ಕೂತ್ಕೊಳ್ಲಿ? ನೀವು ಆ ಸ್ವಿಚ್ ಆಕ್ಬಿಡಿ."

"ಸ್ವಿಚ್ಚಾ? ನಿನ್ನ ತಮ್ಮ ಬಂದು ಮೊದಲು ನೋಡೋದೇ ಅದನ್ನ."

"ಅಂಗಾದ್ರೆ ಬೆಚ್ಚಗಾದ್ಮೇಲೆ ಬಂದು ಕರೀರಿ. ಅಲ್ಲೀಗಂಟ ಅಲ್ಲೇ ಇರ್ತೀನಿ."

ಹೋದಳು. ಜಾರದಂತೆ ಬೆರಿತಳ ತೋಳು ಹಿಡಿದುಕೊಂಡು, ಹಿಂದೆ ತಿರುಗಿಯೂ ನೋಡದೆ.

ಅದೇ ದಿನ, ಮೂರು ಗಂಟೆ: ಬೇಲಿಯಾಚೆ

ಇನ್ನೊಂದು ಸಲ ಪ್ರಯತ್ನಿಸಿದೆ. ಅದೇ ದಪ್ಪ ಸೌದೆ, ಇನ್ನೂ ಹೆಚ್ಚು ಕಾಗದ. ಪರಿಣಾಮವನ್ನು ಬರೆಯಲು ಮನಸ್ಸಿಲ್ಲ.

ಕಿಟಕಿಯಿಂದ ಬೆರಿತಳ ಮನೆ ಕಾಣುತ್ತಿತ್ತು. ಹೊತ್ತಾಗಲೇ ಮುಳುಗುತ್ತಿತ್ತು. ಅವಳ ಚಿಮಣಿಯ ಮೇಲೆ ಏನೂ ಇಲ್ಲ, ಬರಿಯ ಆಕಾಶ. ಕೆಳಗೆ ದೀಪದ ಬೆಳಕಿನಲ್ಲಿ ಜಯಮ್ಮ ಒಲೆಯ ಮುಂದೆ ಕೂತಿದ್ದಳು. ಕೈಯಲ್ಲಿ ಉಣ್ಣೆ, ಕಡ್ಡಿ. ಏನೋ ಹೇಳಿ ನಗುತ್ತಿದ್ದಳು. ಅವಳಿಗೆ ನಾರ್ವೆ ಭಾಷೆ ಬರದು, ಬೆರಿತಳಿಗೆ ಕನ್ನಡ ಬರದು. ನನ್ನ ಜೊತೆ ಒಂದೇ ಭಾಷೆಯಿದ್ದೂ ಅವಳು ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಹೆಂಡತಿ ಪರಪುರುಷನ ಕಡೆ ನೋಡಿದರೆ ಏನು ಮಾಡಬೇಕೆಂದು ಲೋಕದಲ್ಲಿ ಹೇಳಿಕೊಡುವವರಿದ್ದಾರೆ. ಪರರ ಒಲೆಯ ಮುಂದೆ ಹೋಗಿ ಕೂತರೆ ಏನು ಮಾಡಬೇಕೆಂದು ಯಾರೂ ಹೇಳಿಟ್ಟಿಲ್ಲ. ಸ್ವಿಚ್ಚು ಗೋಡೆಯ ಮೇಲೆ ಬೆಳ್ಳಗೆ ನನ್ನನ್ನೇ ನೋಡುತ್ತಿತ್ತು.

ಕೋಟು ಹಾಕಿಕೊಂಡು ಬೇಲಿ ದಾಟಿದೆ. ಬಾಗಿಲು ತೆಗೆದ ಬೆರಿತಳಿಗೆ ನಾನು ಎರಡೂ ಕೈ ಚಾಚಿ ತೋರಿಸಿದೆ. ಅಂಗೈಗಳು ಇದ್ದಿಲಿನ ಹಾಗಿದ್ದವು. ಮುಖವೂ ಹಾಗೇ ಇತ್ತೆಂದು ಆಮೇಲೆ ಕನ್ನಡಿಯಲ್ಲಿ ನೋಡಿದೆ. ಅವಳು ತಲೆಯಾಡಿಸಿ, ಬೂಟು ಮೆಟ್ಟಿ, ನನ್ನ ಜೊತೆ ಬಂದಳು. ಒಳಗಿನಿಂದ ಜಯಮ್ಮ ಕೂಗಿದಳು: "ಆಯ್ತೇನ್ರೀ?" ನಾನು ಕೇಳಿಸದವನಂತೆ ನಡೆದೆ.

ಬೆರಿತ್ ಮೊದಲು ನನ್ನ ದಪ್ಪ ಸೌದೆಗಳನ್ನೆಲ್ಲ ಕಬ್ಬಿಣದ ಬಕೆಟ್ಟಿಗೆ ತೆಗೆದು ಹಿಮದಲ್ಲಿ ಎಸೆದಳು. ಆಮೇಲೆ ಕೊಟ್ಟಿಗೆಯಿಂದ ಒಂದು ಸೀಳು ತಂದಳು, ಹೊರಗಿನ ರಾಶಿಯಿಂದ ಒಂದು ತುಂಡು ತಂದಳು. ಎರಡರ ಒಂದೊಂದು ತುದಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ, ಹಸಿಯದರ ಇನ್ನೊಂದು ತುದಿಯನ್ನು ನನ್ನ ಬಾಯಿಗೆ ಹಿಡಿದು ಊದು ಎಂದು ಸನ್ನೆ ಮಾಡಿದಳು. ಊದಿದೆ. ಏನೂ ಆಗಲಿಲ್ಲ. ಒಣಗಿದ್ದನ್ನು ಹಿಡಿದಳು. ಊದಿದೆ. ಆಚೆ ತುದಿಯಲ್ಲಿ ಸೋಪಿನ ಗುಳ್ಳೆಗಳು ಎದ್ದವು! ಒಣಗಿದ ಮರದೊಳಗೆ ಉಸಿರಿಗೆ ದಾರಿಯಿರುತ್ತದೆ. ಹಸಿಯದರಲ್ಲಿ ನೀರು ಕೂತಿರುತ್ತದೆ. ನನ್ನ ನಲವತ್ತು ವರ್ಷದ ಊದು ಮೊದಲ ಬಾರಿಗೆ ಏನನ್ನೋ ಸಾಬೀತು ಮಾಡಿತು. ಸಾಬೀತಾದದ್ದು ನನ್ನ ತಪ್ಪು.

ಆಮೇಲೆ ಅವಳು ಜೋಡಿಸಿ ತೋರಿಸಿ, ಎಲ್ಲವನ್ನೂ ಕೆಡವಿ, ನನ್ನ ಕೈಲಿ ಮತ್ತೆ ಕಟ್ಟಿಸಿದಳು. ಮೂರು ಸೀಳು ಕೆಳಗೆ, ನಡುವೆ ಬೆರಳು ತೂರುವಷ್ಟು ಸಂದು. ಅದರ ಮೇಲೆ ಅಡ್ಡಡ್ಡ ತೆಳು ಕಡ್ಡಿಗಳು, ಮಕ್ಕಳು ಕಟ್ಟುವ ಗುಡಿಯ ಹಾಗೆ. ಶಿಖರಕ್ಕೆ ಭೂರ್ಜದ ತೊಗಟೆ. ಸನ್ನೆ ಪೂರ್ತಿ ತೆರೆದು, ಒಂದು ಕಡ್ಡಿ ಗೀಚಿ ಶಿಖರಕ್ಕೆ ಇಟ್ಟೆ.

ಇನ್ನು ಮುಂದಿನದು ಕಷ್ಟದ ಭಾಗ. ಏನೂ ಮಾಡದೆ ಕೂರಬೇಕು. ನನ್ನ ಕೈ ತಾನಾಗಿ ಪೈಪಿನ ಕಡೆ ಹೋಯಿತು. ಬೆರಿತ್ ಆ ಕೈಮೇಲೆ ಒಂದು ಏಟು ಹಾಕಿದಳು, ಕೊಡಲಿ ಹಿಡಿದು ಪಳಗಿದ ಕೈಯ ಏಟು. ನಾನು ಕೈಕಟ್ಟಿ ಕೂತೆ. ಉರಿ ಮೇಲಿಂದ ಒಂದೊಂದೇ ಮೆಟ್ಟಿಲು ಇಳಿದು ಬಂತು, ವಯಸ್ಸಾದವರು ಇಳಿಯುವ ಹಾಗೆ. ಕೆಳಗಿನ ಸೌದೆ ಕಾದು ಹೊಗೆ ಬಿಟ್ಟಿತು. ಹೊಗೆ ಮೇಲಕ್ಕೆ ಹೋಗಲು ಹೊರಟರೆ ದಾರಿಯಲ್ಲಿ ಉರಿ ಕಾದಿದೆ. ಹೋದ ಹೊಗೆಯೆಲ್ಲ ಅಲ್ಲೇ ಹತ್ತಿಕೊಂಡು ಚಿನ್ನದ ನಾಲಿಗೆಯಾಗಿ ಕುಣಿಯಿತು. ಗಾಜಿನ ಕಪ್ಪು ಅಂಚಿನಿಂದ ಸುಟ್ಟುಹೋಗುತ್ತ ತಿಳಿಯಾಯಿತು. ನಲವತ್ತು ವರ್ಷ ಏಳನೆಯ ಮಹಡಿಯವರಿಗೂ, ಅವರು ಬರುವ ಮುಂಚೆ ಕಾಗೆಗಳಿಗೂ ನಾನು ಕಳಿಸಿದ್ದು ಇದೇ ಶಾಖವನ್ನು. ಇವತ್ತು ಸೌದೆ ಉಳಿಸಲೆಂದು ಗಾಳಿ ಮುಚ್ಚಿ ಮತ್ತೆ ಅದನ್ನೇ ದಾನ ಮಾಡಿದ್ದೆ.

ಬೆರಿತ್ ನನ್ನ ತೋಳು ಹಿಡಿದು ಅಂಗಳಕ್ಕೆ ಎಳೆದು ತಂದು ಚಿಮಣಿ ತೋರಿಸಿದಳು. ಮೊದಲು ಒಂದು ತೆಳು ಎಳೆ ಇತ್ತು. ನೋಡುತ್ತಿದ್ದಂತೆ ಅದೂ ಹೋಯಿತು. ಅಲ್ಲಿ ಗಾಳಿ ಮಾತ್ರ ನಡುಗುತ್ತಿತ್ತು, ಕಾದ ಕಾವಲಿಯ ಮೇಲೆ ನಡುಗುವ ಹಾಗೆ. ಏನೂ ಕಾಣದ ಒಂದು ಜಾಗವನ್ನು ಹುಟ್ಟಿದಾಗಿನಿಂದ ನಾನು ಅಷ್ಟು ಹೊತ್ತು ನೋಡಿದ್ದಿಲ್ಲ.

ಅದೇ ದಿನ, ಐದು ಗಂಟೆ

ಒಂದು ಸಲದ ಸೌದೆ ಕೆಂಡವಾದ ಮೇಲೆ ಎರಡು ಸೀಳು ಹಾಕಿದೆ, ಒಬ್ಬನೇ. ಮನೆ ಬೆಚ್ಚಗಾಯಿತು. ಮುಖ ತೊಳೆದು, ಜಯಮ್ಮನನ್ನು ಕರೆಯಲು ಹೋದೆ.

"ಬೆಚ್ಚಗಾಯ್ತಾ?" ಎಂದಳು, ಹೆಣಿಗೆಯಿಂದ ಕಣ್ಣೆತ್ತದೆ.

"ಆಯ್ತು."

"ಒಗೆ?"

"ಇಲ್ಲ."

"ಸ್ವಿಚ್ ಆಕಿದ್ರಾ?"

"ಜಯಾ!"

"ಇಲ್ಲೇ ಚೆನ್ನಾಗದೆ ಕಣ್ರೀ. ಇನ್ನೊಂದ್ ಅರ್ಧ ಗಂಟೆ ಇದ್ದು ಬರ್ತೀನಿ. ಈ ಯಮ್ಮ ಕಾಲುಚೀಲ ಯೇಳ್ಕೊಡ್ತಾವ್ಳೆ."

ಬೆರಿತಳ ಒಲೆಯಲ್ಲಿ ಒಂದೇ ಸೀಳು ಉರಿಯುತ್ತಿತ್ತು. ಗಾಜು ಇದೆಯೋ ಇಲ್ಲವೋ ತಿಳಿಯದಷ್ಟು ಸ್ವಚ್ಛ. ಅದನ್ನು ಬಿಟ್ಟು ಬರಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ನಲವತ್ತು ವರ್ಷ ನಾನು ಅವಳಿಗೆ "ನೀರು ಕಾದಿದೆ" ಎಂದು ಕೂಗಿ ಹೇಳಿದ್ದೆನೇ ಹೊರತು ಕರೆದಿರಲಿಲ್ಲ.

"ಬಾರೇ," ಎಂದೆ. "ಒಂದ್ಸಲ ಬಂದು ನೋಡು. ನಿನಗೇ ಅಂತ ಹಚ್ಚಿದೀನಿ."

ಅವಳು ಈಗ ಕಣ್ಣೆತ್ತಿದಳು. ನನ್ನ ಮುಖದಲ್ಲಿ ಏನು ಕಂಡಳೋ, ಕಡ್ಡಿಗಳನ್ನು ಉಣ್ಣೆಗೆ ಚುಚ್ಚಿ ಎದ್ದಳು. ಬೇಲಿ ದಾಟುವಾಗ ಬೆರಿತಳದ್ದಲ್ಲ, ನನ್ನ ತೋಳು ಹಿಡಿದಳು. ಬಂದು ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. ನಾನು ಒಂದು ಸೌದೆಯನ್ನು ಸರಿಸೋಣವೆಂದು ಬಾಗಿದೆ.

"ಅದನ್ನ ಕೆದಕ್ಬೇಡಿ, ಚೆನ್ನಾಗೇ ಉರೀತಾ ಅದೆ," ಎಂದಳು. "ಸುಮ್ನೆ ಕೂತ್ಕೊಳ್ರೀ, ಇಲ್ಲಿ."

ಕೂತೆ.

ಐದನೆಯ ದಿನ: ಪ್ರಶಸ್ತಿ ಪ್ರದಾನ

ಮರುದಿನ ಸಂಜೆ ಕಾರು ಬಂದಾಗ ನಾನು, ಜಯಮ್ಮ ಇಬ್ಬರೂ ಅಂಗಳದಲ್ಲಿದ್ದೆವು. ಬೆರಿತ್ ಕೂಡ ಬೇಲಿಯ ಹತ್ತಿರ ನಿಂತಿದ್ದಳು. ನಾಗರಾಜ ಇಳಿದವನೇ ಚಿಮಣಿ ನೋಡಿದ.

"ಏನ್ ಭಾವ, ಸ್ವಿಚ್ ಹಾಕ್ಕೊಂಡ್ರಾ?"

ನಾನು ಬಾಗಿಲ ಕಡೆ ಕೈ ತೋರಿಸಿದೆ. ಅವನು ಒಳಗೆ ಹೋಗಿ, ಒಲೆ ನೋಡಿ, ಗಾಜು ಮುಟ್ಟಲು ಹೋಗಿ ಬೆರಳು ಸುಟ್ಟುಕೊಂಡು ಹೊರಗೆ ಬಂದ. ಆಗ ಬೆರಿತ್ ಗದ್ದದಲ್ಲೇ ನನ್ನನ್ನು ತೋರಿಸಿ ಅವನಿಗೆ ಎರಡೋ ಮೂರೋ ಮಾತು ಹೇಳಿ, ತನ್ನ ಮನೆಯೊಳಗೆ ಹೋದಳು.

"ಏನಂದ್ಳೋ?"

ನಾಗರಾಜ ಸುಟ್ಟ ಬೆರಳಿಗೆ ಊದಿಕೊಳ್ಳುತ್ತ ಹೇಳಿದ: "ಪರವಾಗಿಲ್ಲ ಅಂದ್ರು."

ನನಗೆ ನಿಜಕ್ಕೂ ನೋವಾಯಿತು. "ಅಷ್ಟೇನಾ? ಏಟು ತಿಂದು ಕಲಿತಿದೀನಿ, ಬರೀ ಪರವಾಗಿಲ್ಲವಾ?"

ಹೇಮಾ ಕಾರಿನಿಂದ ಚೀಲ ಇಳಿಸುತ್ತ ನಗತೊಡಗಿದಳು. "ಅಣ್ಣಾ, ಈ ಊರಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸತ್ತವರನ್ನೂ ಅಷ್ಟು ಹೊಗಳಲ್ಲ ಇವರು. ಆಕೆ ಬಾಯಲ್ಲಿ ಆ ಮಾತು ಬರ್ಲಿ ಅಂತ ನಿಮ್ಮ ಭಾವಮೈದ ಎಂಟು ವರ್ಷದಿಂದ ಸೌದೆ ಒಟ್ತಾ ಇದಾರೆ."

"ಒಂದ್ಸಲಾನೂ ಯೇಳಿಲ್ವಾ?" ಎಂದಳು ಜಯಮ್ಮ.

"ಒಂದ್ಸಲಾನೂ ಇಲ್ಲ ಅತ್ತಿಗೆ. ಹೋದ ವರ್ಷ ಒಟ್ಟಿರೋದು ಸ್ವಲ್ಪ ವಾಲಿದೆ ಅಂದಿದ್ರು."

ನಾಗರಾಜ ಕೊಟ್ಟಿಗೆಗೆ ಹೋದ. ಸೌದೆ ಸೌದೆಗೆ ತಟ್ಟುವ ಸದ್ದು ಬಹಳ ಹೊತ್ತು ಕೇಳಿಸಿತು. ಊಟಕ್ಕೆ ಕೂತಾಗ ಅವನು ಮುದ್ದೆ ಮುರಿದ, ನುಂಗಿದ, ಅಷ್ಟೇ. ಆ ಮುಖ ನನಗೆ ಚೆನ್ನಾಗಿ ಗೊತ್ತು. ನಾಲ್ಕು ದಿನ ಅದೇ ಮುಖ ಹೊತ್ತು ಅದೇ ಮೇಜಿನ ಮುಂದೆ ನಾನು ಕೂತಿದ್ದೆ. ಕಂಡು ಮರುಕವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಊಟವಾದ ಮೇಲೆ ಅವನು ಒಂದು ಸೀಳು ಹಿಡಿದು ಒಲೆಯ ಮುಂದೆ ಕೂತ. ಬಾಗಿಲ ಹಿಡಿಗೆ ಕೈ ಹಾಕಿದವನು, ಹಾಗೇ ತಡೆದು, ನನ್ನ ಕಡೆ ತಿರುಗಿದ.

"ಭಾವ, ಈಗ ಹಾಕ್ಲಾ ಇದನ್ನ?"

ನಾನು ಎದ್ದು ಹೋಗಿ ಗಾಜಿನೊಳಗೆ ಬಗ್ಗಿ ನೋಡಿದೆ. ಸ್ವಲ್ಪ ಹೊತ್ತು ತೆಗೆದುಕೊಂಡೆ.

"ತಡಿ," ಎಂದೆ. "ಉರಿ ಇನ್ನೂ ಇಳೀಬೇಕು."